ಗೋಕರ್ಣದ ಕಡಲಗುಡ್ಡಗಳ ಮೇಲೆ ಎರಡು ದಿನ: ನಡಿಗೆ ಮತ್ತು ಟೆಂಟ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಗೋಕರ್ಣದ ಮುಖ್ಯ ಬೀಚಿನಿಂದ ಪ್ಯಾರಡೈಸ್ ಬೀಚಿನವರೆಗೆ ಗುಡ್ಡ ಹತ್ತಿ ಇಳಿಯುತ್ತಾ ಹೋಗುವ ಕಾಲುದಾರಿಯ ಬಗ್ಗೆ ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ. ಮೊದಲ ಸಲ ಹೋಗುವವರ ಪ್ರಶ್ನೆಗಳು ಮೇಲೆ, ಕುಮಟಾದಿಂದಲೇ ನಡೆದು ಬರುತ್ತೇವೆ ಎನ್ನುವವರದ್ದು ಕೊನೆಗೆ.

## ಮೊದಲ ಸಲ ಹೋಗುವವರಿಗೆ

ಈ ದಾರಿ ಎಲ್ಲಿಂದ ಎಲ್ಲಿಗೆ? ಒಟ್ಟು ಎಷ್ಟು ಹೊತ್ತು ಬೇಕು?

ಉತ್ತರದಿಂದ ದಕ್ಷಿಣಕ್ಕೆ ಹೇಳುವುದಾದರೆ ಗೋಕರ್ಣ ಮುಖ್ಯ ಬೀಚ್, ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್. ಎರಡು ಬೀಚುಗಳ ನಡುವೆ ಒಂದೊಂದು ಗುಡ್ಡ ಸಮುದ್ರಕ್ಕೆ ಮೂಗು ಚಾಚಿ ನಿಂತಿದೆ. ಹಾಗಾಗಿ ನಾಲ್ಕು ಸಲ ಹತ್ತಿ ನಾಲ್ಕು ಸಲ ಇಳಿಯಬೇಕು. ಒಂದು ಕಡೆಗೆ ಹೆಚ್ಚುಕಡಿಮೆ 6-7 ಕಿ.ಮೀ. ಬರಿಗೈಲಿ ನಡೆದರೆ ಎರಡೂವರೆ ಗಂಟೆ, ಬೆನ್ನಿಗೆ ಹತ್ತು ಕಿಲೋ ಇದ್ದರೆ ಮೂರರಿಂದ ನಾಲ್ಕು ಗಂಟೆ. ಮುಖ್ಯ ಬೀಚಿನಿಂದ ಕುಡ್ಲೆಗೆ 30-40 ನಿಮಿಷ, ಕುಡ್ಲೆಯಿಂದ ಓಂಗೆ ಅರ್ಧ ಗಂಟೆ, ಓಂ ಬೀಚಿನ ಮರಳು ಮುಗಿಸುವುದಕ್ಕೇ ಇಪ್ಪತ್ತು ನಿಮಿಷ, ಅಲ್ಲಿಂದ ಹಾಫ್ ಮೂನಿಗೆ ಅರ್ಧ ಗಂಟೆ, ಕೊನೆಯ ತುಂಡಿಗೆ 30-40 ನಿಮಿಷ. ನಿಂತು ಫೋಟೊ ತೆಗೆಯುವ ಹೊತ್ತನ್ನು ಇದರಲ್ಲಿ ಸೇರಿಸಿಲ್ಲ.

ಟ್ರೆಕ್ಕಿಂಗ್ ಅಭ್ಯಾಸ ಇಲ್ಲ, ನನ್ನ ಕೈಲಾಗುತ್ತಾ? ಅಪ್ಪ ಅಮ್ಮನ್ನೂ ಕರ್ಕೊಂಡು ಹೋಗಬಹುದಾ?

ಓಂ ಬೀಚಿನವರೆಗೆ ಧಾರಾಳವಾಗಿ. ಅಲ್ಲಿಯವರೆಗೆ ಹಲವು ಕಡೆ ಮೆಟ್ಟಿಲಿವೆ, ಸುಸ್ತಾದರೆ ಕುಡ್ಲೆಯ ಮೇಲ್ಗಡೆ ಮತ್ತು ಓಂ ಬೀಚಿನ ತಲೆಯ ಮೇಲೆ ಆಟೋ ಸಿಗುತ್ತದೆ. ಓಂ ದಾಟಿದ ಮೇಲೆ ರಸ್ತೆ ಇಲ್ಲ. ಹಾಫ್ ಮೂನಿಂದ ಪ್ಯಾರಡೈಸಿಗೆ ಹೋಗುವಾಗ ಕೆಲವು ಕಡೆ ಬಂಡೆಗೆ ಕೈಕೊಟ್ಟು ಇಳಿಯಬೇಕು. ಮಂಡಿನೋವಿನವರಿಗೆ ಹತ್ತುವುದಕ್ಕಿಂತ ಈ ಇಳಿಜಾರೇ ಕಷ್ಟ. ಅಂಥವರು ಓಂ ಬೀಚಿನಿಂದ ದೋಣಿಯಲ್ಲಿ ಬರಲಿ, ನೀವು ಮೇಲಿನಿಂದ ನಡೆದು ಬನ್ನಿ. ಕಡಲು ಶಾಂತವಾಗಿರುವ ತಿಂಗಳುಗಳಲ್ಲಿ ಮಾತ್ರ ದೋಣಿ ಓಡುತ್ತದೆ. ಬಾಡಿಗೆಯನ್ನು ಹತ್ತುವ ಮೊದಲೇ ಮಾತಾಡಿಕೊಳ್ಳಿ, ಮರಳಿ ಕರೆದೊಯ್ಯುವುದೂ ಸೇರಿದೆಯೇ ಎಂದು ಕೇಳಿ.

ಯಾವ ತಿಂಗಳು ಒಳ್ಳೆಯದು? ಮಳೆಗಾಲದಲ್ಲಿ ಹಸಿರಾಗಿರುತ್ತಲ್ಲ, ಆಗ ಹೋಗಬಾರದಾ?

ನವೆಂಬರ್ ನಡುವಿನಿಂದ ಫೆಬ್ರುವರಿ ಕೊನೆವರೆಗೆ ಸರಿಯಾದ ಕಾಲ. ಮಾರ್ಚಿನಿಂದ ಸೆಕೆ ಶುರು. ಗುಡ್ಡದ ನೆತ್ತಿಯಲ್ಲಿ ನೆರಳಿಲ್ಲ, ಬೆಳಿಗ್ಗೆ ಹತ್ತಕ್ಕೆಲ್ಲ ಕಲ್ಲು ಕಾಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ಟೆಂಟಿನ ಕಾಲವಲ್ಲ. ಗುಡ್ಡದ ಮೇಲೆ ಹುಲ್ಲು ಚಿಗುರಿ ಕೀಟ ತಿನ್ನುವ ಪುಟ್ಟ ಗಿಡಗಳೂ ಹೂ ಬಿಡುವ ಹೊತ್ತು ಅದು, ನೋಡಲು ಚಂದ, ನಿಜ. ಆದರೆ ಕಲ್ಲಿನ ಮೇಲೆ ಪಾಚಿ ಕಟ್ಟಿರುತ್ತದೆ, ಮಣ್ಣು ನೀರು ಕುಡಿದು ಸಡಿಲವಾಗಿರುತ್ತದೆ. 2024ರ ಜುಲೈ 16ರಂದು ಇದೇ ಕರಾವಳಿಯ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯನ್ನೇ ನುಂಗಿದ್ದನ್ನು ಯಾರೂ ಮರೆತಿರಲಾರರು. ಮಳೆ ನೋಡಲೇಬೇಕೆಂದರೆ ಊರೊಳಗೆ ರೂಮು ಹಿಡಿದು ಕುಡ್ಲೆಯವರೆಗೆ ಹೋಗಿ ಬನ್ನಿ.

ಒಳ್ಳೆಯ ತಿಂಗಳುಗಳಲ್ಲೂ ಎರಡು ವಾರಾಂತ್ಯ ಬಿಟ್ಟುಬಿಡಿ: ಮಹಾಶಿವರಾತ್ರಿಯ ತೇರಿನ ಸುತ್ತಿನ ದಿನಗಳು ಮತ್ತು ಡಿಸೆಂಬರ್ 31. ತೇರು ನೋಡಲೆಂದೇ ಹೋಗುವುದಾದರೆ ಅದು ಬೇರೆ ಮಾತು.

ಬೆಂಗಳೂರಿಂದ ಶುಕ್ರವಾರ ರಾತ್ರಿ ಹೊರಟು ಸೋಮವಾರ ಬೆಳಿಗ್ಗೆ ಆಫೀಸಿಗೆ ಬರೋಕಾಗುತ್ತಾ?

ಆಗುತ್ತದೆ. ಬೆಂಗಳೂರು–ಕಾರವಾರ ಪಂಚಗಂಗಾ ಎಕ್ಸ್‌ಪ್ರೆಸ್ ರಾತ್ರಿಯಿಡೀ ಓಡಿ ಬೆಳಿಗ್ಗೆ ಕುಮಟಾ, ಗೋಕರ್ಣ ರೋಡ್ ನಿಲ್ದಾಣಗಳಿಗೆ ಬಿಡುತ್ತದೆ. ಗೋಕರ್ಣ ರೋಡ್ ನಿಲ್ದಾಣ ಊರಿನಿಂದ ಸುಮಾರು 10 ಕಿ.ಮೀ. ದೂರ, ಆಟೋ ಬೇಕು. ರಾತ್ರಿ ಬಸ್ಸುಗಳೂ ಇವೆ. ಶನಿವಾರ ಮಧ್ಯಾಹ್ನ ಮೂರಕ್ಕೆ ಹೊರಟರೆ ಬಿಸಿಲು ಇಳಿದಿರುತ್ತದೆ, ಕತ್ತಲಾಗುವ ಮೊದಲು ಓಂ ಬೀಚಿನ ಆಸುಪಾಸಿನ ಕ್ಯಾಂಪ್ ಸೇರಬಹುದು. ಭಾನುವಾರ ಬೆಳಿಗ್ಗೆ ಆರೂವರೆಗೆ ಹಾಫ್ ಮೂನ್, ಪ್ಯಾರಡೈಸ್ ಕಡೆ ನಡೆದು, ಮಧ್ಯಾಹ್ನದೊಳಗೆ ಹಿಂತಿರುಗಿ, ಸಂಜೆಯ ರೈಲು ಹತ್ತಬಹುದು. ಎಲ್ಲವನ್ನೂ ಶನಿವಾರವೇ ಮುಗಿಸಿಬಿಡೋಣ ಎಂದು ನಡು ಮಧ್ಯಾಹ್ನ ಹೊರಡುವವರೇ ಹೆಚ್ಚು ಒದ್ದಾಡುವುದು.

## ಬ್ಯಾಗಿನೊಳಗೆ

ಎಷ್ಟು ನೀರು ಹೊರಬೇಕು? ದಾರಿಯಲ್ಲಿ ಸಿಗಲ್ವಾ?

ಓಂ ಬೀಚಿನವರೆಗೆ ಅಂಗಡಿಗಳಿವೆ, ಸೀಯಾಳ ಸಿಗುತ್ತದೆ. ಅಲ್ಲಿಂದ ಮುಂದೆ ಕುಡಿಯುವ ನೀರು ಸಿಗುತ್ತದೆಂದು ನಂಬಿ ಹೋಗಬೇಡಿ. ಹಾಫ್ ಮೂನಿನ ಅಂಗಡಿ ತೆರೆದಿದ್ದರೆ ಅದೃಷ್ಟ. ಭಾನುವಾರದ ಅರ್ಧ ದಿನಕ್ಕೆ ತಲೆಗೆ 3 ಲೀಟರ್, ರಾತ್ರಿ ಹೊರಗೆ ಕಳೆಯುವುದಾದರೆ ಇನ್ನೆರಡು. ಒಂದು ಲೀಟರ್ ಎಂದರೆ ಒಂದು ಕಿಲೋ, ಹಾಗಾಗಿ ಟೆಂಟು ಹಗುರವಾಗಿರುವುದಕ್ಕಿಂತ ನೀರನ್ನು ಎಲ್ಲರೂ ಹಂಚಿಕೊಂಡು ಹೊರುವುದು ಮುಖ್ಯ. ಕರಾವಳಿಯ ಬೆವರು ಆರುವುದಿಲ್ಲ, ಸುಮ್ಮನೆ ಸುರಿಯುತ್ತದೆ. ಬರೀ ನೀರು ಕುಡಿದರೆ ಸಂಜೆಗೆ ತಲೆನೋವು, ಮೀನಖಂಡದ ಸೆಳೆತ. ಒಬ್ಬರಿಗೆ ಒಂದು ಓಆರ್‌ಎಸ್ ಪೊಟ್ಟಣ ಇಟ್ಟುಕೊಳ್ಳಿ, ಪೂರ್ತಿ ಒಂದು ಲೀಟರಿಗೇ ಕಲಸಬೇಕು. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು.

ಸ್ಯಾಂಡಲ್ ಸಾಕಲ್ವಾ? ಬೀಚಿಗೆ ಶೂ ಯಾಕೆ?

ಬೀಚಿಗೆ ಬೇಡ, ಗುಡ್ಡಕ್ಕೆ ಬೇಕು. ಗುಡ್ಡದ ನೆತ್ತಿ ಚಿರೆಕಲ್ಲಿನದು. ಕಡಿದಾಗ ಮೆತ್ತಗೆ, ಗಾಳಿಗೆ ಒಣಗಿದಂತೆ ಗಟ್ಟಿಯಾಗಿ ಮನೆಯ ಗೋಡೆಗೆ ಬರುವ ಅದೇ ಕಲ್ಲು. ಅದರ ಮೇಲ್ಪದರ ಸವೆದು ಕಡಲೆಕಾಳಿನಿಂದ ಗೋಲಿಯ ಗಾತ್ರದವರೆಗಿನ ಕೆಂಪು ಹರಳುಗಳಾಗಿ ದಾರಿಯ ತುಂಬ ಬಿದ್ದಿರುತ್ತವೆ. ಗಟ್ಟಿ ನೆಲದ ಮೇಲೆ ಈ ಗೋಲಿಗಳು ಉರುಳುವುದರಿಂದ ಇಳಿಜಾರಿನಲ್ಲಿ ಕಾಲು ಮುಂದಕ್ಕೆ ಹೋಗಿ ಕುಂಡೆ ನೆಲಕ್ಕೆ ಬಡಿಯುತ್ತದೆ. ತಳ ಸವೆದ ಓಟದ ಶೂ ಸ್ಯಾಂಡಲ್‌ಗಿಂತಲೂ ಕಡೆ. ಆಳವಾದ ಗೀರುಗಳಿರುವ ತಳ ಇರಲಿ. ಇಳಿಯುವಾಗ ಮಂಡಿ ಸ್ವಲ್ಪ ಮಡಚಿ, ಹೆಜ್ಜೆ ಚಿಕ್ಕದು ಮಾಡಿ, ಪಾದ ಪೂರ್ತಿ ಊರಿ. ಹಿಮ್ಮಡಿ ಮೊದಲು ಊರಿದರೆ ಜಾರುತ್ತೀರಿ. ಸ್ಯಾಂಡಲ್ ಬ್ಯಾಗಿಗೆ ಸಿಕ್ಕಿಸಿಕೊಂಡಿರಿ, ನೀರಿಗಿಳಿಯಲು ಬೇಕಾಗುತ್ತದೆ: ಅಲೆ ಬಡಿಯುವ ಬಂಡೆಗಳಿಗೆ ಅಂಟಿದ ಚಿಪ್ಪುಗಳ ಅಂಚು ಬ್ಲೇಡಿನಂತಿರುತ್ತದೆ.

ಊಟಕ್ಕೆ ಏನು ಮಾಡೋದು? ಗ್ಯಾಸ್ ಸ್ಟವ್ ತರಬಹುದಾ?

ರೈಲಿನಲ್ಲಿ ಗ್ಯಾಸ್ ಸಿಲಿಂಡರ್ ಒಯ್ಯುವಂತಿಲ್ಲ, ಪುಟ್ಟದಾದರೂ ಅಷ್ಟೆ. ಶನಿವಾರ ರಾತ್ರಿ ಕ್ಯಾಂಪಿನಲ್ಲೇ ಊಟ ಹೇಳಿಬಿಡಿ. ಭಾನುವಾರಕ್ಕೆ ಒಲೆ ಕೇಳದ ತಿಂಡಿ ಸಾಕು. ಒಬ್ಬರಿಗೆ 100 ಗ್ರಾಂ ತೆಳು ಅವಲಕ್ಕಿ, ಹುರಿದ ಶೇಂಗಾ ಒಂದು ಹಿಡಿ, ಬೆಲ್ಲ, ಉಪ್ಪು, ಮನೆಯಲ್ಲೇ ಹುರಿದಿಟ್ಟ ಒಗ್ಗರಣೆ ಪುಡಿ. ಊರಲ್ಲಿ ಒಂದು ತೆಂಗಿನಕಾಯಿ ತುರಿಸಿಕೊಂಡರೆ ಮುಗಿಯಿತು. ಕಾಯಿತುರಿಯನ್ನು ಬೇರೆ ಡಬ್ಬಿಯಲ್ಲಿಟ್ಟು ಬೆಳಗಿನ ತಿಂಡಿಗೇ ಖಾಲಿ ಮಾಡಿ, ಈ ಸೆಕೆಗೆ ಮಧ್ಯಾಹ್ನದ ಹೊತ್ತಿಗೆ ಹಳಸುತ್ತದೆ. ಬಾಳೆಹಣ್ಣನ್ನು ಬ್ಯಾಗಿನ ಮೇಲುಗಡೆ ಇಡಿ. ತಳದಲ್ಲಿಟ್ಟರೆ ಏನಾಗುತ್ತದೆಂದು ಹೇಳಬೇಕಿಲ್ಲ.

## ದಾರಿ ಮೇಲೆ

ದಾರಿ ತಪ್ಪುತ್ತಾ? ಗೈಡ್ ಬೇಕಾ?

ಓಂವರೆಗೆ ಬೇಡ. ಮುಖ್ಯ ಬೀಚಿನ ದಕ್ಷಿಣದ ತುದಿಯಲ್ಲಿ ಮೆಟ್ಟಿಲು ಹತ್ತಿದರೆ ರಾಮತೀರ್ಥದ ಪಕ್ಕದಿಂದ ಗುಡ್ಡದ ಬಯಲು, ಬಯಲು ದಾಟಿದರೆ ಕೆಳಗೆ ಕುಡ್ಲೆ. ಗೊಂದಲ ಶುರುವಾಗುವುದು ಓಂ ಬೀಚಿನ ದಕ್ಷಿಣ ತುದಿ ದಾಟಿದ ಮೇಲೆ: ಕವಳಿ, ಗೇರು, ಮುಳ್ಳುಪೊದೆಗಳ ನಡುವೆ ದನ ಓಡಾಡಿದ ದಾರಿ ಮತ್ತು ಮನುಷ್ಯರ ದಾರಿ ಒಂದೇ ಥರ ಕಾಣುತ್ತವೆ. ಕಡಲು ಬಲಗಡೆಗೆ ಇರಬೇಕು, ಅಲೆಯ ಸದ್ದು ಕೇಳುತ್ತಿರಬೇಕು. ಹತ್ತು ನಿಮಿಷ ಸದ್ದೇ ಇಲ್ಲವೆಂದರೆ ಒಳನಾಡಿಗೆ ತಿರುಗಿದ್ದೀರಿ. ಪೊದೆ ನುಗ್ಗಿ ಅಡ್ಡದಾರಿ ಹುಡುಕದೆ ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಿ. ಗುಡ್ಡದ ಆಚೆ ಮಗ್ಗುಲಲ್ಲಿ ಮೊಬೈಲ್ ಸಿಗ್ನಲ್ ಹೋಗಿ ಬಂದು ಮಾಡುತ್ತದೆ, ನಕ್ಷೆಯನ್ನು ಊರಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ.

ಗುಡ್ಡದ ಅಂಚಿಗೆ ಎಷ್ಟು ಹತ್ತಿರ ಹೋಗಬಹುದು? ಕಲ್ಲು ಗಟ್ಟಿಯಾಗಿಯೇ ಇದೆಯಲ್ಲ?

ಗಟ್ಟಿ ಇರುವುದು ಟೋಪಿ ಮಾತ್ರ. ಚಿರೆಕಲ್ಲಿನ ಪದರದ ಕೆಳಗೆ ಶೇಡಿ ಮಣ್ಣು ಇರುತ್ತದೆ, ಬಿಳಿ-ನಸುಗೆಂಪು ಬಣ್ಣದ ಮೆತ್ತನೆಯ ಜೇಡಿ. ಮಳೆನೀರು ಕಲ್ಲಿನ ತೂತುಗಳಲ್ಲಿ ಇಳಿದು ಶೇಡಿಯನ್ನು ತೊಳೆದೊಯ್ಯುತ್ತದೆ, ಕೆಳಗಿನಿಂದ ಅಲೆಯೂ ಕೊರೆಯುತ್ತದೆ. ಕೊನೆಗೆ ಕಲ್ಲಿನ ಹಾಸು ಸೂರಿನಂತೆ ಗಾಳಿಯಲ್ಲಿ ಚಾಚಿ ನಿಲ್ಲುತ್ತದೆ. ಅದರ ಮೇಲೆ ನಿಂತವರಿಗೆ ಕೆಳಗೆ ಪೊಳ್ಳಿರುವುದು ಕಾಣುವುದೇ ಇಲ್ಲ. ಮುಂದಿನ ತಿರುವಿನಲ್ಲಿ ನಿಂತು ಹಿಂತಿರುಗಿ ನೋಡಿ, ನೀವು ಆಗ ನಿಂತಿದ್ದ ಜಾಗದ ಕೆಳಗೆ ಎಷ್ಟು ಖಾಲಿ ಇದೆ ಎಂದು ತಿಳಿಯುತ್ತದೆ.

ಅಂಚಿನಿಂದ ಕನಿಷ್ಠ 3 ಮೀಟರ್, ಅಂದರೆ ನಾಲ್ಕು ದೊಡ್ಡ ಹೆಜ್ಜೆ ಹಿಂದೆ ಇರಿ. ಅಂಚಿಗೆ ಸಮಾನಾಂತರವಾಗಿ ನೆಲದಲ್ಲಿ ಬಿರುಕು ಕಂಡರೆ, ಅದು ಬೆರಳಗಲ ಇದ್ದರೂ, ಬಿರುಕಿನ ಆಚೆಗೆ ಕಾಲಿಡಬೇಡಿ. ಸೆಲ್ಫಿಗೆಂದು ಹಿಂದಕ್ಕೆ ಹೆಜ್ಜೆ ಇಡುವುದಂತೂ ಬೇಡವೇ ಬೇಡ.

ಹಾಫ್ ಮೂನಿಂದ ಪ್ಯಾರಡೈಸಿಗೆ ಕೆಳಗೆ ಬಂಡೆಗಳ ಮೇಲೇ ಹೋಗಬಹುದಂತೆ, ಹೌದಾ?

ಕಡಲ ನೀರು ಕೆಳಗಿಳಿಯುವ ಇಳಿತದ ಹೊತ್ತಿಗೆ ಕೆಲವರು ಹೋಗುತ್ತಾರೆ. ನಮ್ಮ ಸಲಹೆ ಮೇಲಿನ ದಾರಿಯೇ. ಕೆಳಗಿನ ಬಂಡೆಗಳಲ್ಲಿ ಬಣ್ಣ ನೋಡಿ ಹೆಜ್ಜೆ ಇಡಬೇಕು: ಬೂದು, ಒಣಗಿದ್ದು ಸರಿ; ಕಪ್ಪಗೆ ಮಿರುಗುವುದು, ಹಸಿರು ಛಾಯೆಯದ್ದು ಪಾಚಿ. ಅಸಲಿ ತೊಂದರೆ ಜಾರುವುದಲ್ಲ, ಮಧ್ಯದಲ್ಲಿ ಸಿಕ್ಕಿಕೊಳ್ಳುವುದು. ಹೋಗುವಾಗ ಮೊಣಕಾಲವರೆಗೆ ನೀರಿದ್ದ ಸಂದು, ಎರಡು ಗಂಟೆ ಬಿಟ್ಟು ಮರಳುವಾಗ ಸೊಂಟ ಮುಟ್ಟಿ ಅಲೆಯೂ ಹೊಡೆಯುತ್ತಿರುತ್ತದೆ. ಮೇಲೆ ಹತ್ತೋಣವೆಂದರೆ ಅದೇ ಶೇಡಿ ಮಣ್ಣಿನ ದರೆ, ಹಿಡಿದ ಕಲ್ಲೇ ಕೈಗೆ ಬರುತ್ತದೆ.

ಗುಡ್ಡದ ಮೇಲೆ ಸೂರ್ಯಾಸ್ತ ನೋಡಿ ಆಮೇಲೆ ಇಳಿದರೆ ಆಗಲ್ವಾ?

ಕುಡ್ಲೆ ಮತ್ತು ಓಂ ನಡುವಿನ ಗುಡ್ಡದಲ್ಲಾದರೆ ಆಗುತ್ತದೆ, ಹತ್ತು ಹದಿನೈದು ನಿಮಿಷದಲ್ಲಿ ಮೆಟ್ಟಿಲು ಸಿಗುತ್ತದೆ. ಹಾಫ್ ಮೂನಿನ ಆಚೆ ಬೇಡ. ಇಲ್ಲಿ ಡಿಸೆಂಬರ್ ಮೊದಲ ವಾರ ಸೂರ್ಯ ಮುಳುಗುವುದು 6 ಗಂಟೆ ದಾಟಿದೊಡನೆ, ಜನವರಿ ನಡುವೆ 6:20ರ ಹೊತ್ತಿಗೆ, ಫೆಬ್ರುವರಿ ಕೊನೆಗೆ 6:40ರ ಸುಮಾರಿಗೆ. ಮುಳುಗಿದ ಮೇಲೆ ಕಾಲುದಾರಿ ಕಾಣುವಷ್ಟು ಬೆಳಕು ಉಳಿಯುವುದು ಇಪ್ಪತ್ತು ನಿಮಿಷ. ಫೋನಿನ ಟಾರ್ಚ್ ಹಿಡಿದರೆ ಒಂದು ಕೈ ಹೋಯಿತು, ಬ್ಯಾಟರಿಯೂ ಹೋಯಿತು. ತಲೆಗೆ ಕಟ್ಟುವ ಟಾರ್ಚ್ ಪ್ರತಿಯೊಬ್ಬರಿಗೂ ಒಂದೊಂದು ಇರಲಿ.

## ಟೆಂಟ್ ಮತ್ತು ರಾತ್ರಿ

ಪ್ಯಾರಡೈಸ್ ಬೀಚಲ್ಲಿ ನಮ್ಮದೇ ಟೆಂಟ್ ಹಾಕ್ಕೋಬಹುದಾ?

ಬೇಡ. ಇದನ್ನು ಹೇಳಿದರೆ ಬೇಸರ ಮಾಡಿಕೊಳ್ಳುವವರೇ ಹೆಚ್ಚು. ನಿರ್ಜನ ಬೀಚುಗಳಲ್ಲಿ ಟೆಂಟ್ ಹಾಕಿದವರನ್ನು ಅರಣ್ಯ ಇಲಾಖೆಯವರೋ ಪೊಲೀಸರೋ ಎಬ್ಬಿಸಿ ಕಳಿಸಬಹುದು, ಅದೂ ಕತ್ತಲಲ್ಲಿ ಗುಡ್ಡ ಹತ್ತಬೇಕಾದ ಹೊತ್ತಿನಲ್ಲಿ. ಅಲ್ಲಿ ನೀರಿಲ್ಲ, ಶೌಚಾಲಯವಿಲ್ಲ, ಯಾರಿಗಾದರೂ ಹುಷಾರು ತಪ್ಪಿದರೆ ರಾತ್ರಿ ದೋಣಿಯೂ ಇಲ್ಲ. ಚಳಿಗಾಲ ಈ ಕರಾವಳಿಯಲ್ಲಿ ಕಡಲಾಮೆಗಳು ಮೊಟ್ಟೆ ಇಡುವ ಕಾಲವೂ ಹೌದು. ಬೆಳಕು, ಬೆಂಕಿ ಕಂಡರೆ ದಡಕ್ಕೆ ಬಂದ ಆಮೆ ಮೊಟ್ಟೆ ಇಡದೆ ಮರಳುತ್ತದೆ. ಕುಡ್ಲೆ, ಓಂ, ಪ್ಯಾರಡೈಸಿನ ಆಚೆಯ ಬೇಲೆಕಾನ ಸುತ್ತ ಖಾಸಗಿ ಜಾಗದಲ್ಲಿ ಟೆಂಟ್ ಹಾಕಲು ಕೊಡುವವರಿದ್ದಾರೆ. ಮಾಲೀಕರ ಒಪ್ಪಿಗೆ, ಶೌಚಾಲಯ, ರಾತ್ರಿ ಕಾಯುವವರು ಇದ್ದಾರೆಯೇ ಎಂಬ ಮೂರನ್ನು ದುಡ್ಡು ಕೊಡುವ ಮೊದಲು ಕೇಳಿ. ಗುಡ್ಡದ ನೆತ್ತಿಯ ಮೇಲಂತೂ ಎಂದೂ ಟೆಂಟ್ ಹಾಕಬೇಡಿ. ರಾತ್ರಿ ನಿದ್ದೆಗಣ್ಣಲ್ಲಿ ಮೂತ್ರಕ್ಕೆ ಎದ್ದವರಿಗೆ ಅಂಚು ಎಲ್ಲಿದೆ ಎಂಬ ನೆನಪಿರುವುದಿಲ್ಲ.

ಮರಳಲ್ಲಿ ಗೂಟ ನಿಲ್ಲೋದೇ ಇಲ್ಲ, ಏನು ಮಾಡೋದು?

ಟೆಂಟಿನ ಜೊತೆ ಬರುವ ತೆಳು ಗೂಟ ಗಟ್ಟಿ ಮಣ್ಣಿಗೆ ಮಾಡಿದ್ದು. ಮರಳಿನಲ್ಲಿ ಅದನ್ನು ನೆಟ್ಟಗೆ ಹೊಡೆಯುವ ಬದಲು ಹೂಳಬೇಕು. ಒಂದೂವರೆ ಅಡಿ ಗುಂಡಿ ತೋಡಿ, ಕೈಚೀಲಕ್ಕೆ ಒದ್ದೆ ಮರಳು ತುಂಬಿ, ಬಾಯಿಗೆ ಟೆಂಟಿನ ಹಗ್ಗ ಬಿಗಿದು, ಗುಂಡಿಯಲ್ಲಿಟ್ಟು ಮುಚ್ಚಿ ತುಳಿಯಿರಿ. ಹಗ್ಗ ಗುಂಡಿಯಿಂದ ಟೆಂಟಿನ ಕಡೆಗೆ ಓರೆಯಾಗಿ ಬರಲೆಂದು ಮರಳಿನಲ್ಲಿ ಚಿಕ್ಕ ಗೀರು ಮಾಡಿ, ಇಲ್ಲವಾದರೆ ಎಳೆತಕ್ಕೆ ಚೀಲ ಮೇಲೆದ್ದು ಬರುತ್ತದೆ. ನಾಲ್ಕು ಮೂಲೆಗೆ ನಾಲ್ಕು ಚೀಲ. ಬಟ್ಟೆಯ ಚೀಲವೇ ಇರಲಿ, ಬೆಳಿಗ್ಗೆ ಖಾಲಿ ಮಾಡಿ ಮಡಚಿಕೊಳ್ಳಬಹುದು. ಚಿರೆಕಲ್ಲಿನ ನೆಲದಲ್ಲಿ ಇದರ ತದ್ವಿರುದ್ಧ ಕಷ್ಟ, ಗೂಟ ಇಳಿಯುವುದೇ ಇಲ್ಲ. ಅಲ್ಲಿ ತಲೆಗಾತ್ರದ ಕಲ್ಲಿಗೆ ಹಗ್ಗ ಸುತ್ತಿ, ಅದರ ಮುಂದೆ ಇನ್ನೊಂದು ಕಲ್ಲು ಒತ್ತಾಗಿ ಇಡಿ.

ಮಳೆ ಇಲ್ಲದಿದ್ರೂ ಬೆಳಿಗ್ಗೆ ಟೆಂಟ್ ಒಳಗೆ ಒದ್ದೆ, ಯಾಕೆ?

ಡಿಸೆಂಬರ್, ಜನವರಿಯಲ್ಲಿ ಇಬ್ಬನಿ ಜೋರು. ಹೊರಗಿನ ಬಟ್ಟೆ ತಣ್ಣಗಾಗಿ, ನಿಮ್ಮ ಉಸಿರಿನ ತೇವ ಅದರ ಒಳಮೈಗೆ ಕೂರುತ್ತದೆ. ಸೊಳ್ಳೆಪರದೆ ಮಾತ್ರ ಮುಚ್ಚಿ, ಎರಡೂ ಬದಿಯ ಗಾಳಿಕಿಂಡಿ ಬಿಟ್ಟಿರಿ. ಟೆಂಟಿನ ಬಾಗಿಲು ಯಾವ ಕಡೆಗೆ ಎಂಬುದೂ ಮುಖ್ಯ. ಹಗಲಲ್ಲಿ ಗಾಳಿ ಕಡಲಿನಿಂದ ನೆಲಕ್ಕೆ ಬೀಸುತ್ತದೆ, ರಾತ್ರಿ ನೆಲ ತಣ್ಣಗಾಗಿ ನೆಲದಿಂದ ಕಡಲಿಗೆ ತಿರುಗುತ್ತದೆ. ಸಂಜೆಯ ಗಾಳಿ ನೋಡಿ ಬಾಗಿಲು ಪಡುವಣಕ್ಕೆ ಇಟ್ಟವರು ನಡುರಾತ್ರಿ ಸೆಕೆಯಲ್ಲಿ ಬೇಯುತ್ತಾರೆ. ಬಾಗಿಲು ಮತ್ತು ಹಿಂದಿನ ಕಿಂಡಿ ಪೂರ್ವ-ಪಶ್ಚಿಮದ ನೇರಕ್ಕೆ ಬರುವಂತೆ ಹಾಕಿದರೆ ಎರಡೂ ಹೊತ್ತು ಗಾಳಿ ಆಡುತ್ತದೆ. ತೆಂಗಿನ ಮರದ ಕೆಳಗೆ ಹಾಕಬೇಡಿ. ಕಾಯಿ ಮಾತ್ರವಲ್ಲ, ಒಣಗಿದ ಮಡಲು ಬಿದ್ದರೂ ಟೆಂಟಿನ ಕೋಲು ಮುರಿಯುತ್ತದೆ.

## ಎಡವಟ್ಟಾದರೆ

ನನಗೆ ಚೆನ್ನಾಗಿ ಈಜು ಬರುತ್ತೆ, ಹಾಫ್ ಮೂನಲ್ಲಿ ಇಳಿಯಬಹುದಾ?

ಕೆರೆ, ಈಜುಕೊಳದ ಈಜು ಇಲ್ಲಿ ಅರ್ಧವೇ ಉಪಯೋಗಕ್ಕೆ ಬರುತ್ತದೆ. ಬಂಡೆಗಳ ಪಕ್ಕದಲ್ಲಿ, ಅಲೆ ಒಡೆಯದೆ ನೀರು ಸಪಾಟಾಗಿ ಶಾಂತವಾಗಿ ಕಾಣುವ ಪಟ್ಟಿಯೇ ಸೆಳೆತದ ಜಾಗ. ಅಲೆಗಳು ದಡಕ್ಕೆ ತಂದ ನೀರು ಮರಳಿ ಹೋಗುವ ಹಾದಿ ಅದು. ಹೊಸಬರು ಹುಡುಕಿಕೊಂಡು ಇಳಿಯುವುದೂ ಅಲ್ಲೇ. ಸಿಕ್ಕಿಬಿದ್ದರೆ ದಡದತ್ತ ಈಜಿ ಕೈ ಸೋಲಿಸಿಕೊಳ್ಳಬೇಡಿ. ದಡಕ್ಕೆ ಸಮಾನಾಂತರವಾಗಿ, ಬಂಡೆಯಿಂದ ದೂರದ ಕಡೆಗೆ ಈಜಿ, ಅಲೆ ಒಡೆಯುವ ಕಡೆ ಬಂದಾಗ ಅದರೊಂದಿಗೇ ದಡಕ್ಕೆ ಬನ್ನಿ. ಅದೂ ಆಗದಿದ್ದರೆ ಅಂಗಾತ ತೇಲಿ ಕೈ ಎತ್ತಿ. ಜೀವರಕ್ಷಕರು ಇಲ್ಲದ ಬೀಚಿನಲ್ಲಿ ಸೊಂಟದ ನೀರಿಗಿಂತ ಮುಂದೆ ಹೋಗಬೇಡಿ, ಕುಡಿದವರು ನೀರಿಗೇ ಇಳಿಯಬಾರದು. ಕಡಲ ತೀರದ ತುರ್ತಿಗೆ ಕರಾವಳಿ ಕಾವಲು ಪೊಲೀಸರ ಸಂಖ್ಯೆ 1093, ಉಳಿದದ್ದಕ್ಕೆ 112.

ಕಾಲು ಉಳುಕಿದರೆ, ಹಾವು ಕಚ್ಚಿದರೆ ಅಲ್ಲಿಂದ ಹೊರಗೆ ಬರೋದು ಹೇಗೆ?

ಉಳುಕಿಗೆ ಶೂ ಬಿಚ್ಚದೆ ಮೇಲಿನಿಂದಲೇ ಕ್ರೇಪ್ ಬ್ಯಾಂಡೇಜ್ ಸುತ್ತಿ. ಬಿಚ್ಚಿದರೆ ಊತಕ್ಕೆ ಮತ್ತೆ ಹಾಕಲಾಗುವುದಿಲ್ಲ. ಗುಡ್ಡ ಹತ್ತಿಸುವ ಬದಲು ಹತ್ತಿರದ ಬೀಚಿಗೆ ಇಳಿಸಿ ದೋಣಿ ಕರೆಸಿ. ಅದಕ್ಕಾಗಿ ಓಂ ಬೀಚಿನ ಒಬ್ಬ ದೋಣಿಯವರ ನಂಬರ್ ಮೊದಲೇ ತೆಗೆದುಕೊಂಡಿರಿ.

ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಉಂಗುರ, ಕಾಲ್ಗೆಜ್ಜೆ ತೆಗೆದು, ಕೋಲು ಇಟ್ಟು ಆ ಕೈಕಾಲು ಅಲುಗದಂತೆ ಕಟ್ಟಿ, ಆದಷ್ಟು ನಡೆಸದೆ ಹೊತ್ತು ತನ್ನಿ, 108ಕ್ಕೆ ಕರೆ ಮಾಡಿ. ವಿಷನಿವಾರಕ ಸಿಗುವುದು ಆಸ್ಪತ್ರೆಯಲ್ಲಿ ಮಾತ್ರ. ಹಾವನ್ನು ಹುಡುಕಿ ಹೊಡೆಯಲು ಹೋಗಿ ಇನ್ನೊಬ್ಬರು ಕಚ್ಚಿಸಿಕೊಳ್ಳಬೇಡಿ.

## ಇನ್ನೂ ಮುಂದೆ ಹೋಗುವವರಿಗೆ

ಕುಮಟಾದಿಂದ ಗೋಕರ್ಣಕ್ಕೆ ಕಡಲಂಚಲ್ಲೇ ನಡೆಯಬಹುದಂತೆ?

ಹೌದು, 20-25 ಕಿ.ಮೀ., ಎರಡು ದಿನದ ಕೆಲಸ. ಮೊದಲ ದಿನ ಕುಮಟಾದ ವನ್ನಳ್ಳಿಯಿಂದ ಮಂಗೋಡ್ಲು, ಕಡ್ಲೆ, ಬಾಡ, ಕಾಗಾಲ ದಾಟಿ ಅಘನಾಶಿನಿ ಊರು. ಅಲ್ಲಿ ನದಿ ಅಡ್ಡ ಬರುತ್ತದೆ. ತಾರಿ ದೋಣಿ ಹತ್ತಿ ತದಡಿಗೆ ಹೋಗಬೇಕು. ಎರಡನೇ ದಿನ ತದಡಿಯಿಂದ ಬೇಲೆಕಾನ, ಪ್ಯಾರಡೈಸ್, ಮುಂದೆ ಇದೇ ದಾರಿ ಉಲ್ಟಾ. ಕೊನೆಯ ತಾರಿ ಎಷ್ಟಕ್ಕೆ ಎಂದು ಬೆಳಿಗ್ಗೆಯೇ ವಿಚಾರಿಸಿ ಅದರಿಂದ ಹಿಂದಕ್ಕೆ ಲೆಕ್ಕ ಹಾಕಿ ನಡೆಯಿರಿ. ತಪ್ಪಿದರೆ ರಸ್ತೆಯಲ್ಲಿ ಸುತ್ತುವ ದೂರ ಬಹಳ.

ತಾರಿಗೆ ಅವಸರ ಇಲ್ಲದಿದ್ದರೆ ಅಳಿವೆಯ ದಡದಲ್ಲಿ ಅರ್ಧ ಗಂಟೆ ಕೂರಿ. ಎಲ್ಲೂ ಅಣೆಕಟ್ಟಿಲ್ಲದೆ ಹರಿದು ಬರುವ ನದಿ ಇದು, ಇದರ ಅಳಿವೆ 2024ರಲ್ಲಿ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದೆ. ಇಳಿತದ ಹೊತ್ತಿಗೆ ಕೆಸರುದಿಬ್ಬಗಳು ಮೇಲೆದ್ದಾಗ ಹೆಂಗಸರು ಗಂಡಸರು ಬಗ್ಗಿ ಬಳಚು ಎಂಬ ಚಿಪ್ಪುಮೀನು ಆಯುವುದು ಕಾಣುತ್ತದೆ.

ಉಬ್ಬರ-ಇಳಿತದ ಪಟ್ಟಿ ಓದೋದು ಹೇಗೆ?

ಕಾರವಾರದ ಪಟ್ಟಿ ಹಿಡಿಯಿರಿ, ಅದೇ ಹತ್ತಿರದ್ದು. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ, ಮರುದಿನ ಎಲ್ಲವೂ ಸುಮಾರು 50 ನಿಮಿಷ ತಡ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸು ಏರಿಳಿತ ಹೆಚ್ಚು, ಒಂದೂವರೆ ಮೀಟರಿನಷ್ಟು. ಅಷ್ಟಮಿ ನವಮಿ ಹೊತ್ತಿಗೆ ಅದರರ್ಧ. ನೀರು ಆರು ಗಂಟೆಯಲ್ಲಿ ಒಂದೇ ವೇಗದಲ್ಲಿ ಏರುವುದಿಲ್ಲ. ಒಂದೂವರೆ ಮೀಟರನ್ನು ಹನ್ನೆರಡು ಪಾಲು ಮಾಡಿದರೆ ಮೊದಲ ಗಂಟೆಗೆ ಒಂದು ಪಾಲು, ಎರಡನೆಯದಕ್ಕೆ ಎರಡು, ಮೂರು ಮತ್ತು ನಾಲ್ಕನೆಯದಕ್ಕೆ ಮೂರು ಮೂರು, ಆಮೇಲೆ ಎರಡು, ಒಂದು. ಅಂದರೆ ಮೊದಲ ಗಂಟೆ ಗೇಣಿಗಿಂತ ಕಡಿಮೆ ಏರಿದ ನೀರು ನಡುವಿನ ಎರಡು ಗಂಟೆಯಲ್ಲಿ 75 ಸೆಂ.ಮೀ. ಏರಿಬಿಡುತ್ತದೆ. "ಈಗಷ್ಟೇ ನೋಡಿದೆ, ಏರಿಲ್ಲ" ಎಂದು ಬಂಡೆಯ ಮೇಲೆ ಮಲಗಿದವರ ಬ್ಯಾಗು ತೇಲುವುದು ಇದಕ್ಕೇ. ಬಂಡೆಗಳ ನಡುವೆ ಕೆಲಸವಿದ್ದರೆ ಇಳಿತಕ್ಕೆ ಒಂದು ಗಂಟೆ ಮೊದಲು ಹೋಗಿ, ಇಳಿತ ಮುಗಿದು ಒಂದು ಗಂಟೆಯೊಳಗೆ ಮೇಲೆ ಬಂದಿರಿ.

ರಾತ್ರಿ ಅಲೆ ನೀಲಿಯಾಗಿ ಹೊಳೆಯುತ್ತಂತಲ್ಲ, ಯಾವಾಗ ಹೋದ್ರೆ ಕಾಣುತ್ತೆ?

ಇಂಥ ದಿನ ಎಂದು ಹೇಳಲಾಗದು. ನೀರಿನಲ್ಲಿ ಸೂಕ್ಷ್ಮಜೀವಿಗಳು ದಟ್ಟವಾದಾಗ, ಅಲುಗಿದೊಡನೆ ಅವು ಮಿನುಗುತ್ತವೆ, ಅಷ್ಟೆ. ಸಾಧ್ಯತೆ ಹೆಚ್ಚಿಸಿಕೊಳ್ಳಬಹುದು: ಅಮಾವಾಸ್ಯೆಯ ಹತ್ತಿರದ ವಾರಾಂತ್ಯ ಆರಿಸಿ, ಅಂಗಡಿಗಳ ದೀಪದಿಂದ ದೂರ ಬನ್ನಿ, ಟಾರ್ಚ್ ಆರಿಸಿ ಕಣ್ಣಿಗೆ ಇಪ್ಪತ್ತು ನಿಮಿಷ ಕತ್ತಲು ರೂಢಿಯಾಗಲು ಬಿಡಿ. ಆಮೇಲೆ ಒದ್ದೆ ಮರಳನ್ನು ಕಾಲಿಂದ ಉಜ್ಜಿ ನೋಡಿ. ಜೀವಿಗಳಿದ್ದರೆ ಹೆಜ್ಜೆಯ ಸುತ್ತ ಸಣ್ಣ ಕಿಡಿಗಳು ಏಳುತ್ತವೆ, ಇಲ್ಲದಿದ್ದರೆ ಅವತ್ತಿಗೆ ಇಲ್ಲ. ಹೋಗಿ ಮಲಗಿ, ಬೆಳಿಗ್ಗೆ ಆರೂವರೆಗೆ ಹೊರಡಬೇಕಲ್ಲ.